ಮತ್ತೆ ಅಲ್ಲೇ ನಿಂತು ನೋಡಿದಾಗ

ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಅಂಗಳದ ಕಲ್ಲಿನ ರಥವನ್ನು ಕಾಣದ ಕನ್ನಡಿಗರಿಲ್ಲ. ಹಂಪಿಗೆ ಹೋಗದವರ ಜೇಬಿನಲ್ಲೂ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೆ ಅದು ಓಡಾಡುತ್ತಿರುತ್ತದೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೊದಲ್ಲಿ ಈ ರಥ ನಮಗೆ ಗೊತ್ತಿರುವ ರಥದಂತಿಲ್ಲ. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಆ ಶಿಖರ ಆಮೇಲೆ ಇಲ್ಲವಾಯಿತು. ಇಂದು ರಥದ ಮುಂದೆ ನಿಂತು ನೋಟು ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವ ನೂರಾರು ಜನರಿಗೆ ಅಲ್ಲೊಂದು ಶಿಖರ ಇತ್ತೆಂಬ ಸುಳಿವು ಕೂಡ ಇರಲಾರದು.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಇಂಗ್ಲೆಂಡಿನ ಟಾಲ್ಬಟ್ ತನ್ನ ಕಾಗದದ ನೆಗೆಟಿವ್ ವಿಧಾನವನ್ನು ಲೋಕದ ಮುಂದಿಟ್ಟು ಆಗ ಹದಿನೈದು ವರ್ಷವಷ್ಟೇ ಆಗಿತ್ತು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು. ಬಳ್ಳಾರಿ ಸೀಮೆಯ ಬಿಸಿಲು, ಧೂಳಿನ ನಡುವೆ ಕಾಗದ ಸಿದ್ಧಮಾಡಬೇಕು, ತೊಳೆಯಬೇಕು, ಒಣಗಿಸಬೇಕು. ಅಷ್ಟೆಲ್ಲ ಪಾಡುಪಟ್ಟು ತೆಗೆದ ಆ ನೆಗೆಟಿವ್‌ಗಳು ಎಷ್ಟೋ ಕಾಲ ಕಣ್ಮರೆಯಾಗಿದ್ದವು. ಅವು ಮತ್ತೆ ಬೆಳಕಿಗೆ ಬಂದ ಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ಕ್ಯಾಮೆರಾ ಇಟ್ಟು ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣು ತಾನಾಗಿ ಕೆಲಸ ಶುರುಮಾಡುತ್ತದೆ. ಯಾವ ಗೋಡೆ ಬಿತ್ತು, ಯಾವ ಕಂಬ ನೆಟ್ಟಗಾಯಿತು, ಎಲ್ಲಿ ಗಿಡಗಂಟಿ ಹೋಯಿತು, ಎಲ್ಲಿ ಹೊಸದಾಗಿ ಬೆಳೆಯಿತು ಎಂದು ಹುಡುಕತೊಡಗುತ್ತೇವೆ. ಬಂಡೆಗಳು ಮಾತ್ರ ಎರಡರಲ್ಲೂ ಕೂತಲ್ಲೇ ಕೂತಿವೆ.

ಫೋಟೋಗ್ರಫಿಯಲ್ಲಿ ಅತ್ಯಂತ ಅಗ್ಗದ, ಅಷ್ಟೇ ಅಲಕ್ಷ್ಯಕ್ಕೊಳಗಾದ ವಿದ್ಯೆ ಇದೇ ಎಂದು ನನ್ನ ನಂಬಿಕೆ: ಹೋದಲ್ಲಿಗೇ ಮತ್ತೆ ಹೋಗಿ ನಿಲ್ಲುವುದು. ಇದಕ್ಕೆ ದೊಡ್ಡ ಲೆನ್ಸ್ ಬೇಡ, ಕೀನ್ಯಾದ ಟಿಕೆಟ್ ಬೇಡ. ದಿನವೂ ಕಾಣುವ ಮರ, ಕೆರೆ, ಬೇಲಿ, ವರ್ಷಕ್ಕೊಮ್ಮೆ ಹೋಗುವ ಅಜ್ಜಿಯ ಊರಿನ ದಾರಿ ಸಾಕು. ನಿಸರ್ಗವನ್ನೂ ಪ್ರವಾಸವನ್ನೂ ಕ್ಯಾಮೆರಾದಲ್ಲಿ ಹಿಡಿಯುವ ಒಳ್ಳೆಯ ಕೈಗಳು ಕೆಲಸ ಮಾಡುವ ರೀತಿಯನ್ನು ಗಮನಿಸಿದರೆ, ಅವರ ಸಾಮರ್ಥ್ಯದ ಮುಕ್ಕಾಲು ಪಾಲು ಈ ಹಠದಲ್ಲೇ ಇರುವುದು ತಿಳಿಯುತ್ತದೆ.

ಬೆಂಗಳೂರಿನ ಮಾತನ್ನೇ ತೆಗೆದುಕೊಳ್ಳಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್ ಊರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಜಾತಿ ಸರದಿಯಂತೆ ಹೂಬಿಡುವ ಹಾಗೆ ಮರ ನೆಡುವ ಯೋಚನೆ ಮಾಡಿದರು. ತಬೆಬುಯಾದ ಗುಲಾಬಿ, ಹಳದಿ ಮುಗಿಯುವ ಹೊತ್ತಿಗೆ ಜಕರಂಡದ ನೇರಳೆ, ಅದರ ಹಿಂದೆಯೇ ಗುಲ್‌ಮೊಹರಿನ ಕೆಂಪು. ಫೆಬ್ರವರಿ ಬಂತೆಂದರೆ ಊರಿನ ಅರ್ಧ ಮೊಬೈಲುಗಳು ತಬೆಬುಯಾದತ್ತ ತಿರುಗುತ್ತವೆ. ತೆಗೆಯಲಿ, ತಪ್ಪೇನೂ ಇಲ್ಲ. ಆದರೆ ಅದೇ ಮರವನ್ನು ಜೂನ್‌ನಲ್ಲಿ ತೆಗೆದವರು ಎಷ್ಟು ಮಂದಿ? ಎಲೆ ಉದುರಿ ಬೋಳಾದಾಗ, ಬರೀ ಕೊಂಬೆಗಳಲ್ಲಿ ಕಾಗೆ ಗೂಡು ಬಯಲಾದಾಗ, ಉದ್ದ ಕಾಯಿ ಬಿರಿದು ಬೀಜ ಹಾರುವಾಗ? ಹೂವಿನ ಫೋಟೊ ಚೆಂದ, ಸರಿ. ಹನ್ನೆರಡು ತಿಂಗಳ ಹನ್ನೆರಡು ಫೋಟೊ ಒಟ್ಟಿಗೆ ಇಟ್ಟರೆ ಆ ಮರದ ಪರಿಚಯವೇ ಆಗುತ್ತದೆ.

ಇದನ್ನೇ ಶ್ರದ್ಧೆಯಿಂದ ಮಾಡುವವರು ದೇಶದ ಉದ್ದಗಲಕ್ಕೂ ಇದ್ದಾರೆ. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳಿಂದ ನಿವೃತ್ತರವರೆಗೆ ತಮ್ಮ ಆಯ್ಕೆಯ ಒಂದು ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿ ಎಷ್ಟಿದೆ ಎಂದು ಗುರುತು ಹಾಕುತ್ತಾರೆ. ಹೊಂಗೆ ಈ ವರ್ಷ ಮೊದಲೇ ಹೂಬಿಟ್ಟಿತು ಎಂದು ಜಗಲಿಯಲ್ಲಿ ಕೂತು ಹೇಳುವುದು ಸುಲಭ. ನಾಲ್ಕು ಯುಗಾದಿಗಳ ಫೋಟೊ ಕೈಯಲ್ಲಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ಒಂದೇ ಜಾಗದಿಂದ ತೆಗೆಯುವುದಕ್ಕೂ ಒಂದು ಕ್ರಮವಿದೆ. ಮೊದಲ ಫೋಟೊದಲ್ಲಿ ಅಲುಗದ ಎರಡು ಗುರುತು ಇರಲಿ: ಒಂದು ಹತ್ತಿರದ್ದು, ಒಂದು ದೂರದ್ದು. ಗೇಟಿನ ಕಂಬದ ತುದಿ ಹಿಂದಿನ ಮನೆಯ ಕಿಟಕಿಯ ಮೂಲೆಗೆ ಸರಿಯಾಗಿ ತಾಗುವಂತೆ ನಿಂತರೆ, ಮುಂದಿನ ಸಲ ಅದೇ ಎರಡು ಗುರುತು ಕೂಡಿಸಿಕೊಂಡು ನಿಲ್ಲಬಹುದು. ಕ್ಯಾಮೆರಾದ ಎತ್ತರವೂ ಒಂದೇ ಇರಲಿ; ಎದೆಯ ಮಟ್ಟ ಎಂದರೆ ಪ್ರತಿಸಲವೂ ಎದೆಯ ಮಟ್ಟ. ಹಳೆಯ ಫೋಟೊ ಮೊಬೈಲಿನಲ್ಲಿದ್ದರೆ ತೆರೆದು ನೋಡಿಕೊಂಡೇ ಹೆಜ್ಜೆ ಸರಿಸಬಹುದು. ಗೋಲಿಂಗ್ಸ್ ಬಂಡೆಗಳ ನಡುವೆ ಹುಡುಕಿದ್ದೂ ಇದನ್ನೇ: ಹತ್ತಿರದ ಕಲ್ಲು ಮತ್ತು ದೂರದ ಗೋಪುರ ಹಳೆಯ ಚಿತ್ರದಲ್ಲಿರುವಂತೆಯೇ ಒಂದರ ಹಿಂದೊಂದು ಬರುವ ಆ ಒಂದು ಬಿಂದುವನ್ನು.

ಇನ್ನು ಬೆಳಕು. ಬೆಳಗ್ಗೆ, ಸಂಜೆ ಮಾತ್ರ ಫೋಟೊ ತೆಗೆಯಿರಿ ಎಂಬ ಉಪದೇಶ ಎಲ್ಲರೂ ಕೇಳಿದ್ದೇ. ನಮ್ಮ ನಾಡಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಏಪ್ರಿಲ್ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ನೆರಳೆಲ್ಲ ಕಾಲಡಿಗೆ ಬಿದ್ದು, ಮನುಷ್ಯರ ಕಣ್ಣಿನ ಗುಳಿ ಕಪ್ಪಾಗಿ ಕಾಣುವುದು ಹೌದು. ಆದರೆ ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುವುದರಿಂದ ಹತ್ತೂವರೆಗೂ ಹದವಾದ ಓರೆ ಬೆಳಕು ಸಿಗುತ್ತದೆ. ಮಳೆಗಾಲದಲ್ಲಂತೂ ಹೊತ್ತಿನ ಗೊಡವೆಯೇ ಇಲ್ಲ. ಮುಗಿಲು ಇಡೀ ಆಕಾಶವನ್ನು ಮುಚ್ಚಿ ಬೆಳಕನ್ನು ಎಲ್ಲ ಕಡೆಯಿಂದಲೂ ಸಮನಾಗಿ ಚೆಲ್ಲುತ್ತದೆ. ಎಲೆಯ ಹಸಿರು, ಪಾಚಿ, ಅಣಬೆ, ಒದ್ದೆ ಮರದ ತೊಗಟೆ ಇವುಗಳ ನಿಜ ಬಣ್ಣ ಕಾಣುವುದು ಆರಿದ್ರಾ, ಪುನರ್ವಸು ಮಳೆಯ ನಡುವೆಯೇ. ಮಲೆನಾಡಿನವರು ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಮಳೆ ನಿಲ್ಲಲೆಂದು ಕಾಯುವ ಆ ಮೂರು ತಿಂಗಳೇ ಅವರ ಅತ್ಯುತ್ತಮ ಕಾಲ. ಒಂದು ಕೊಡೆ, ಒಂದು ಒಣ ಬಟ್ಟೆ, ಕ್ಯಾಮೆರಾಗೆ ಪ್ಲಾಸ್ಟಿಕ್ ಚೀಲದ ಹೊದಿಕೆ ಸಾಕು. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಹಸಿರನ್ನು ನುಂಗುತ್ತದೆ ಎನಿಸಿದರೆ ಪೋಲರೈಸರ್ ಎಂಬ ಫಿಲ್ಟರ್ ತಿರುಗಿಸಿ ಅದನ್ನು ಇಳಿಸಬಹುದು.

ಬೆಳಕಿನ ವಿಷಯದಲ್ಲಿ ಹೊಸಬರನ್ನು ಕಾಡುವ ಒಂದು ಒಗಟಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗದ್ದೆಯಲ್ಲಿ ಬೆಳ್ಳಕ್ಕಿ ನಿಂತಿದೆ. ಫೋಟೊ ತೆಗೆದು ನೋಡಿದರೆ ಹಕ್ಕಿಯ ಜಾಗದಲ್ಲಿ ಗರಿಯೇ ಕಾಣದ ಬರೀ ಬಿಳಿ ಮಚ್ಚೆ. ಅದೇ ಹಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿದಾಗ ತೆಗೆದರೆ ಈಗ ಅದು ಮಾಸಿದ ಪಂಚೆಯ ಬಣ್ಣಕ್ಕೆ ತಿರುಗಿದೆ. ಹಕ್ಕಿ ಒಂದೇ, ಬಿಸಿಲು ಒಂದೇ, ತಪ್ಪು ಮಾತ್ರ ಎರಡು ದಿಕ್ಕಿನದು. ಏಕೆ ಹೀಗೆ?

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಬೆಳ್ಳಕ್ಕಿ ಯಾವುದು, ಎಮ್ಮೆ ಯಾವುದು ಎಂಬುದು ಹೆಚ್ಚಾಗಿ ಗೊತ್ತಿಲ್ಲ. ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಎಂದು ಭಾವಿಸಿ ಅದು ಲೆಕ್ಕ ಹಾಕುತ್ತದೆ. ಹಕ್ಕಿ ಸಣ್ಣದಾಗಿ, ಸುತ್ತ ದಟ್ಟ ಹಸಿರಿದ್ದಾಗ ‘ದೃಶ್ಯ ಕತ್ತಲಾಗಿದೆ, ಬೆಳಕು ಏರಿಸೋಣ’ ಎಂದುಕೊಳ್ಳುತ್ತದೆ. ಗದ್ದೆ ಸರಿಯಾಗುತ್ತದೆ, ಬಿಳಿ ಹಕ್ಕಿ ಸುಟ್ಟುಹೋಗುತ್ತದೆ. ಹಕ್ಕಿಯೇ ಚೌಕಟ್ಟು ತುಂಬಿದಾಗ ‘ಬೆಳಕು ಅತಿಯಾಯಿತು’ ಎಂದು ಇಳಿಸಿ ಬಿಳಿಯನ್ನೇ ಬೂದು ಮಾಡುತ್ತದೆ. ಎಮ್ಮೆಯ ಮುಖ ಹತ್ತಿರದಿಂದ ತೆಗೆದರೆ ಅದು ಧೂಳು ಮೆತ್ತಿದಂತೆ ಕಾಣುವುದೂ, ಮಂಜಿನ ಫೋಟೊ ಮಸಿ ಬಳಿದಂತೆ ಬರುವುದೂ ಇದೇ ಕಾರಣಕ್ಕೆ. ಮದ್ದು ಸುಲಭ. ಕ್ಯಾಮೆರಾದಲ್ಲಿ ಕೂಡು–ಕಳೆ ಚಿಹ್ನೆಯ ಗುಂಡಿ ಇರುತ್ತದೆ. ಹೆಚ್ಚಿನ ಮೊಬೈಲುಗಳಲ್ಲಿ ತೆರೆಯ ಮೇಲೆ ಬೆರಳಿಟ್ಟು ಎಳೆದರೆ ಅದೇ ಕೆಲಸವಾಗುತ್ತದೆ. ಹಸಿರಿನ ನಡುವಿನ ಸಣ್ಣ ಬೆಳ್ಳಕ್ಕಿಗೆ ಕಳೆಯಬೇಕು, ಚೌಕಟ್ಟು ತುಂಬಿದ ಬೆಳ್ಳಕ್ಕಿಗೂ ಮಂಜಿಗೂ ಕೂಡಬೇಕು, ಎಮ್ಮೆಗೆ ಕಳೆಯಬೇಕು. ಅನುಮಾನ ಬಂದರೆ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ. ನೆರಳಿನಲ್ಲಿ ಅಡಗಿದ್ದನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ಅಪರ್ಚರ್, ಶಟರ್, ಐಎಸ್‌ಒಗಳ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ, ಇಲ್ಲಿ ಎರಡೇ ಮಾತು. ಫಿಲ್ಮಿನ ಕಾಲದವರು ಬಾಯಿಪಾಠ ಮಾಡಿಕೊಂಡಿದ್ದ ಸೂತ್ರ ಇಂದಿಗೂ ಕೆಡುವುದಿಲ್ಲ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟರೆ ಶಟರ್ ವೇಗ ಸೆಕೆಂಡಿನ ಐಎಸ್‌ಒ ಸಂಖ್ಯೆಯಷ್ಟರಲ್ಲೊಂದು ಭಾಗ, ಅಂದರೆ ಐಎಸ್‌ಒ 100 ಇದ್ದರೆ ಸೆಕೆಂಡಿನ ನೂರರಲ್ಲೊಂದು ಭಾಗದ ಆಸುಪಾಸು. ಎರಡನೆಯದು, ಲೆನ್ಸ್ ಎಷ್ಟು ಮಿಲಿಮೀಟರಿನದೋ ಶಟರ್ ಕನಿಷ್ಠ ಅಷ್ಟರಲ್ಲೊಂದು ಭಾಗ ಇರಬೇಕು. 400 ಮಿಲಿಮೀಟರಿನ ಲೆನ್ಸ್ ಕೈಯಲ್ಲಿ ಹಿಡಿದವರು ನಾನೂರರಲ್ಲೊಂದಕ್ಕಿಂತ ನಿಧಾನ ಮಾಡಿದರೆ ಕೈನಡುಕ ಚಿತ್ರದಲ್ಲಿ ಮೂಡುತ್ತದೆ. ಕೊಂಬೆಯ ಮೇಲೆ ಚಡಪಡಿಸುವ ಸೂರಕ್ಕಿಗೆ ಸಾವಿರದಲ್ಲೊಂದು, ನೀರಿಗೆ ಧುಮುಕುವ ಮಿಂಚುಳ್ಳಿಗೆ ಎರಡು ಸಾವಿರದಲ್ಲೊಂದು ಎಂದು ಶುರುಮಾಡಬಹುದು. ಮೊಬೈಲಿನವರಿಗೆ ಇದಾವುದರ ತಲೆನೋವಿಲ್ಲ. ಅವರು ಮಾಡಬೇಕಾದ ಮೊದಲ ಕೆಲಸ ಅಂಗಿಯ ತುದಿಯಿಂದ ಲೆನ್ಸ್ ಒರೆಸುವುದು. ನಗಬೇಡಿ, ಸಂಜೆ ದೀಪದ ಸುತ್ತ ಎಳೆ ಎಳೆಯಾಗಿ ಹರಡುವ ಮಬ್ಬಿಗೆ ಹೆಚ್ಚಿನ ಸಲ ಬೆರಳಿನ ಜಿಡ್ಡೇ ಕಾರಣ.

ಹಕ್ಕಿಗಳ ವಿಷಯಕ್ಕೆ ಬಂದರೆ, ದೊಡ್ಡ ಲೆನ್ಸ್ ಇಲ್ಲದೆ ಏನೂ ಆಗದು ಎಂಬ ಹತಾಶೆ ಸಾಮಾನ್ಯ. ಲೆನ್ಸ್ ಸಹಾಯ ಮಾಡುತ್ತದೆ, ಸುಳ್ಳಲ್ಲ. ಆದರೆ ಹಕ್ಕಿಯ ಬಳಿಗೆ ನಾವು ಹೋಗುವುದಕ್ಕಿಂತ ನಮ್ಮ ಬಳಿಗೆ ಹಕ್ಕಿ ಬರುವಂತೆ ಕೂರುವುದು ಹಳಬರ ಕ್ರಮ. ಬೇಸಿಗೆಯಲ್ಲಿ ಟೆರೇಸಿನ ಮೇಲೆ ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಅದರ ಪಕ್ಕದಲ್ಲೊಂದು ಒಣ ಕೊಂಬೆ ನಿಲ್ಲಿಸಿ. ಪಿಕಳಾರ, ಮಡಿವಾಳ, ಟುವ್ವಿ ಯಾವುದೇ ಇರಲಿ, ನೇರವಾಗಿ ನೀರಿಗಿಳಿಯುವುದು ಅಪರೂಪ; ಮೊದಲು ಆ ಕೊಂಬೆಯ ಮೇಲೆ ಕೂತು ಅತ್ತಿತ್ತ ನೋಡುತ್ತವೆ. ಫೋಟೊ ಇರುವುದು ಆ ಕೊಂಬೆಯಲ್ಲೇ. ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಕೊಂಬೆಗೆ ಬೀಳಲಿ, ಕೊಂಬೆಯ ಹಿಂದಿನ ಗಿಡಮರ ಆದಷ್ಟು ದೂರವಿರಲಿ. ಹಿನ್ನೆಲೆ ದೂರವಾದಷ್ಟೂ ಅದು ಕರಗಿ ಬರೀ ಹಸಿರಾಗುತ್ತದೆ, ಹಕ್ಕಿ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಆಮೇಲೆ ಬಾಗಿಲ ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತ ಕೂರಿ. ಮೊದಲೆರಡು ದಿನ ಅವು ನಿಮ್ಮನ್ನು ಅನುಮಾನದಿಂದ ನೋಡಬಹುದು. ಕ್ರಮೇಣ ಮರೆತುಬಿಡುತ್ತವೆ.

ಫೋಕಸ್ ಕಣ್ಣಿನ ಮೇಲಿರಬೇಕು. ಬಾಲ ಮಬ್ಬಾದರೆ ಯಾರೂ ಕೇಳುವುದಿಲ್ಲ, ಕಣ್ಣು ಮಬ್ಬಾದರೆ ಚಿತ್ರವೇ ಸತ್ತಂತೆ. ನೆಲದ ಮೇಲೆ ಓಡಾಡುವ ಟಿಟ್ಟಿಭದ ಫೋಟೊ ತೆಗೆಯುವವರು ತಾವೂ ನೆಲಕ್ಕೆ ಮೈಚಾಚಬೇಕು. ನಿಂತು ಕೆಳಗೆ ನೋಡಿ ತೆಗೆದ ಹಕ್ಕಿ ಸದಾ ಚಿಕ್ಕದಾಗಿ, ದಿಕ್ಕೆಟ್ಟಂತೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಅದು ತನ್ನ ಹೊಲದ ಯಜಮಾನನೆಂಬುದು ಗೊತ್ತಾಗುತ್ತದೆ.

ಈ ಕಾಯುವ ವಿದ್ಯೆಗೆ ಕರ್ನಾಟಕದಲ್ಲಿ ದೊಡ್ಡ ಪರಂಪರೆಯೇ ಇದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಕಾಡಿನಲ್ಲಿ ಕೆಲಸ ಮಾಡಿದ್ದು ಒಂದು ರೋಲಿಗೆ 36 ಚಿತ್ರಗಳ ಫಿಲ್ಮಿನಲ್ಲಿ. ತೆಗೆದದ್ದು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಊರಿಗೆ ಮರಳಿ ತೊಳೆಯುವವರೆಗೂ ಕಾಯಬೇಕು. ಗುಂಡಿ ಒತ್ತುವ ಮೊದಲೇ ಚಿತ್ರ ಮನಸ್ಸಿನಲ್ಲಿ ಮುಗಿದಿರಬೇಕಾದ ಕಾಲ ಅದು. ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತು ಹಕ್ಕಿಗಳ ಫೋಟೊ ತೆಗೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಬಿಟ್ಟು ಈ ಮಾತು ಮುಗಿಯದು. ಅವರ ‘ಕರ್ವಾಲೊ’ದಲ್ಲಿ ಒಂದು ಹಾರುವ ಓತಿಯ ಹಿಂದೆ ಊರಿನ ಚಿತ್ರವಿಚಿತ್ರ ಜನರೆಲ್ಲ ಹೊರಡುತ್ತಾರಲ್ಲ, ಕ್ಯಾಮೆರಾ ಹಿಡಿದವರ ಪಾಡೂ ಬಹುತೇಕ ಹಾಗೇ. ಒಂದು ತಲೆಮಾರಿನ ಕನ್ನಡದ ಹುಡುಗರು ಹಕ್ಕಿಗಳನ್ನು ಹೆಸರು ಹಿಡಿದು ಕರೆಯಲು ಕಲಿತದ್ದರಲ್ಲಿ ಅವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕದ ಪಾಲು ದೊಡ್ಡದು. ಬರಹಗಾರನ ಕಣ್ಣು, ಫೋಟೊಗ್ರಾಫರನ ಕಣ್ಣು ಬೇರೆಬೇರೆ ಎಂದು ವಾದಿಸುವವರಿಗೆ ತೇಜಸ್ವಿಯವರನ್ನು ತೋರಿಸಿದರೆ ಸಾಕು.

ಕ್ಲಬ್ಬುಗಳ ಪಾಲೂ ಇದೆ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಂದಿಗೂ ನಡೆಯುತ್ತಿದೆ. ಇಂಥ ಕಡೆ ನಿಮ್ಮ ಚಿತ್ರವನ್ನು ನಾಲ್ಕು ಜನರ ಮುಂದಿಟ್ಟು ‘ಇದರಲ್ಲಿ ಏನು ಸರಿಯಿಲ್ಲ’ ಎಂದು ಕೇಳಬಹುದು. ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಗುವ ಹೆಬ್ಬೆರಳಿನ ಗುರುತಿಗಿಂತ ಇದು ಎಷ್ಟೋ ಮೇಲು.

ಹಕ್ಕಿ ಸಿಗದವರಿಗೆ ಹುಳುಗಳಿವೆ. ಮೊದಲ ಮಳೆ ಬಿದ್ದ ಕೆಂಪು ನೆಲದಲ್ಲಿ ಮಖಮಲ್ಲಿನ ಗುಂಡಿಯ ಹಾಗೆ ಹರಿದಾಡುವ, ಉತ್ತರ ಕರ್ನಾಟಕದವರು ಮಿರಗದ ಹುಳ ಎನ್ನುವ ಆ ಕಡುಗೆಂಪು ಜೀವಿಯನ್ನು ಮೊಬೈಲಿನಲ್ಲೇ ಚೆನ್ನಾಗಿ ಹಿಡಿಯಬಹುದು. ಮಾವಿನ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ, ಬಲೆಯ ನಡುವೆ ಗುಣಾಕಾರದ ಚಿಹ್ನೆ ನೇಯ್ದು ಕೂರುವ ಜೇಡ, ಜನವರಿ ಬೆಳಗಿನ ಹುಲ್ಲಿನ ತುದಿಯ ಇಬ್ಬನಿ ಎಲ್ಲವೂ ಮನೆಯಿಂದ ನೂರು ಹೆಜ್ಜೆಯೊಳಗೆ ಸಿಗುವಂಥವು. ಹತ್ತಿರದ ಫೋಟೊದಲ್ಲಿ ಗಾಳಿಯೇ ಶತ್ರು. ಸೂರ್ಯ ಏರಿ ನೆಲ ಕಾಯುವ ಮುನ್ನ ಗಾಳಿ ಕಡಿಮೆ, ಹುಳುಗಳ ಮೈಯೂ ತಣ್ಣಗಿದ್ದು ಅವು ಹೆಚ್ಚು ಅಲುಗಾಡುವುದಿಲ್ಲ. ಏಳಕ್ಕೆ ಮುಂಚೆ ಹಿತ್ತಲಿಗಿಳಿದವರಿಗೇ ಇವು ಸಿಗುವುದು.

ಈಗ ಊರು ಬಿಟ್ಟು ಹೊರಡೋಣ. ಪ್ರವಾಸದ ಫೋಟೊಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ, ಅವೆಲ್ಲ ಮೊದಲೇ ಯಾರೋ ತೆಗೆದ ಫೋಟೊಗಳಾಗಿರುವುದು. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಎಲ್ಲ ಕ್ಯಾಮೆರಾಗಳೂ ಪಡುವಣಕ್ಕೆ ಮುಖಮಾಡಿರುತ್ತವೆ. ಒಮ್ಮೆ ಬೆನ್ನು ತಿರುಗಿಸಿ ನೋಡಿ: ಆ ಕೆಂಪು ಬೆಳಕು ಕಟ್ಟೆಯಲ್ಲಿ ಕೂತವರ ಮುಖಗಳ ಮೇಲೆ ಬಿದ್ದಿರುತ್ತದೆ. ಎದೆಗವಚಿದ ಕೂಸಿಗೆ ಸೂರ್ಯನನ್ನು ಬೆರಳು ಮಾಡಿ ತೋರಿಸುವ ಅಜ್ಜನಿರುತ್ತಾರೆ, ಚುರುಮುರಿ ಮಾರುವವನ ಡಬ್ಬದ ಅಂಚು ಹೊಳೆಯುತ್ತಿರುತ್ತದೆ. ಸೂರ್ಯ ಎಲ್ಲರ ಆಲ್ಬಮ್ಮಿನಲ್ಲೂ ಒಂದೇ ಥರ ಇರುತ್ತಾನೆ, ಆ ಅಜ್ಜ ನಿಮಗೆ ಮಾತ್ರ ಸಿಕ್ಕವರು. ಜೋಗದಲ್ಲಿ ಜುಲೈ ತಿಂಗಳ ಮಂಜು ಜಲಪಾತವನ್ನು ಪೂರ್ತಿ ನುಂಗಿದಾಗ ‘ಏನೂ ಕಾಣ್ತಿಲ್ಲ’ ಎಂದು ಬಸ್ಸು ಹತ್ತುವವರೇ ಹೆಚ್ಚು. ಅರ್ಧ ಗಂಟೆ ನಿಂತರೆ ಮಂಜು ಒಂದು ಕ್ಷಣ ಸೀಳಿ, ರಾಜನೋ ರಾಣಿಯೋ ಅರ್ಧ ಮಾತ್ರ ಕಂಡು ಮರೆಯಾಗುವ ಗಳಿಗೆ ಬಂದೇ ಬರುತ್ತದೆ ಎಂದು ಭರವಸೆ ಕೊಡಲಾರೆ. ಬಂದಾಗ ಮಾತ್ರ 253 ಮೀಟರಿನ ಆ ಆಳ ಎದೆಗೆ ತಾಗುತ್ತದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ರೈಲು 57 ಸುರಂಗಗಳನ್ನು ಹಾಯುತ್ತದೆ. ಕಿಟಕಿಯಿಂದ ಫೋಟೊ ತೆಗೆಯುವವರಿಗೆ ಅಲ್ಲಿ ಬೆಳಕು ಕತ್ತಲೆಗಳ ಆಟವೇ ಆಟ. ಗಾಜಿದ್ದರೆ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಒಳಗಿನ ದೀಪದ ಪ್ರತಿಬಿಂಬ ತೊಲಗುತ್ತದೆ. ಕೈ, ತಲೆ ಹೊರಗೆ ಚಾಚುವ ಸಾಹಸ ಮಾತ್ರ ಯಾವ ಫೋಟೊಗೂ ಬೇಡ. ಶಟರ್ ಚುರುಕಾಗಿದ್ದರೆ ದೂರದ ಬೆಟ್ಟ ಸ್ಪಷ್ಟವಾಗಿ ಬರುತ್ತದೆ. ಬೇಕೆಂದೇ ಮೂವತ್ತರಲ್ಲೊಂದಕ್ಕೆ ಇಳಿಸಿದರೆ ಹತ್ತಿರದ ಗಿಡಗಳೆಲ್ಲ ಗೆರೆಗಳಾಗಿ ಹರಿದು, ಬೆಟ್ಟ ಮಾತ್ರ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ರೈಲಿನಲ್ಲಿ ಹೋದ ಅನುಭವ ಎರಡನೆಯದರಲ್ಲೇ ಹೆಚ್ಚು.

ಹಕ್ಕಿಗಳಿಗಾಗಿ ಪ್ರವಾಸ ಹೋಗುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯೇ ನಿಮ್ಮನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಅದೇ ಮಟ್ಟದಲ್ಲಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಒಂದೇ ಕಡೆ ಹೋಗಿ ಎಂದು ಹೇಳಬೇಕಾದರೆ ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಹೇಳುತ್ತೇನೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲಿ, ಹಟ್ಟಿ ಮನೆಗಳ ಮೇಲೆಯೇ. ತವರಿಗೆ ಬಾಣಂತನಕ್ಕೆ ಬಂದ ಮಗಳು ಎಂದು ಊರವರು ಅವುಗಳನ್ನು ನೋಡಿಕೊಂಡು ಬಂದಿದ್ದಾರೆ. ಇಲ್ಲಿ ದೊಡ್ಡ ಲೆನ್ಸ್ ತಂದು ಬರೀ ಹಕ್ಕಿಯನ್ನು ಕತ್ತರಿಸಿ ತೆಗೆದರೆ ಅರ್ಧ ವಿಷಯ ಬಿಟ್ಟಂತೆ. ಕೆಳಗೆ ಕಟ್ಟಿದ ದನ, ಹಂಚಿನ ಮೇಲೆ ಸುಣ್ಣ ಬಳಿದಂತೆ ಬಿದ್ದ ಹಿಕ್ಕೆ, ಮರದಡಿ ಪಾತ್ರೆ ತೊಳೆಯುವ ಹೆಂಗಸು, ಮೇಲೆ ಕೊಕ್ಕು ಬಡಿಯುವ ಮರಿ ಎಲ್ಲ ಒಂದೇ ಚೌಕಟ್ಟಿನಲ್ಲಿ ಬಂದಾಗ ಊರು ಊರಾಗುತ್ತದೆ. ಮನುಷ್ಯರು ಚಿತ್ರದಲ್ಲಿ ಬರುವಾಗ ಮೊದಲು ಎರಡು ಮಾತಾಡಿ, ‘ಅಕ್ಕಾ, ಒಂದು ಫೋಟೊ ತಗೊಳ್ಳಲಾ’ ಎಂದು ಕೇಳಿ. ಬೇಡ ಎಂದರೆ ಬೇಡ.

ಕೇಳಲು ಬಾಯಿಲ್ಲದ ಜೀವಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಗೂಡಿನ ಫೋಟೊಗೆ ಹೋಗಬೇಡಿ. ಮರೆಮಾಡಿದ ಎಲೆ ಸರಿಸಿದರೆ ಬಿಸಿಲು, ಕಾಗೆ, ಬೆಕ್ಕು ಮೂರಕ್ಕೂ ದಾರಿ ತೆರೆದಂತೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದು, ಕಾಡುಪಾಪದ ಕಣ್ಣಿಗೆ ಟಾರ್ಚ್ ಬಿಡುವುದು, ಮಿಂಚುಳ್ಳಿಗಾಗಿ ತೊಟ್ಟಿಯಲ್ಲಿ ಮೀನು ಬಿಡುವುದು ಈಗ ಮಾಮೂಲಾಗಿಬಿಟ್ಟಿದೆ. ಇಂಥ ಚಿತ್ರಗಳು ಎಷ್ಟೇ ಹೊಳೆಯಲಿ, ನನಗೆ ರುಚಿಸುವುದಿಲ್ಲ. ಸ್ಪರ್ಧೆಗಳ ಲೋಕವೂ ಈ ವಿಷಯದಲ್ಲಿ ಬಿಗಿಯಾಗಿದೆ. ಜಗತ್ತಿನ ದೊಡ್ಡ ಫೋಟೊ ಸಂಘಗಳಲ್ಲಿ ಮೂರು 2014ರಲ್ಲಿ ಒಪ್ಪಿಕೊಂಡ ನಿಸರ್ಗ ಚಿತ್ರದ ವ್ಯಾಖ್ಯೆಯ ಪ್ರಕಾರ ಚಿತ್ರದಿಂದ ಏನನ್ನೂ ಅಳಿಸುವಂತಿಲ್ಲ, ಏನನ್ನೂ ಸೇರಿಸುವಂತಿಲ್ಲ. ಅಂಚು ಕತ್ತರಿಸಬಹುದು, ಅಷ್ಟೆ. ಅಡ್ಡ ಬಂದ ಕಡ್ಡಿಯನ್ನು ಒರೆಸಿಹಾಕುವ ಗುಂಡಿ ಇಂದು ಎಲ್ಲರ ಮೊಬೈಲಿನಲ್ಲೂ ಇರುವಾಗ ಈ ನಿಯಮ ಹಳೆಯ ಕಾಲದ್ದೆನಿಸಬಹುದು. ಆದರೆ ಆ ಕಡ್ಡಿ ಅಲ್ಲಿ ಇತ್ತಲ್ಲ. ನಾಳೆ ಆ ಮರವೇ ಇಲ್ಲವಾದಾಗ ಅದರ ಸಾಕ್ಷಿ ಹೇಳಬೇಕಾದ ಚಿತ್ರ ಸುಳ್ಳು ಹೇಳಬಾರದು. ಗ್ರೀನ್‌ಲಾ ತನ್ನ ಚಿತ್ರದಲ್ಲಿ ಇಟ್ಟಿಗೆಯ ಶಿಖರವನ್ನು ಅಂದಗೆಡಿಸುವ ವಸ್ತುವೆಂದು ಒರೆಸಿದ್ದರೆ ನಮಗೆ ಉಳಿಯುತ್ತಿದ್ದುದು ಏನು?

ಅಪರೂಪದ ಜೀವಿ ಸಿಕ್ಕರೆ ಜಾಗದ ಹೆಸರು ಹೊರಗೆ ಹೇಳದಿರುವುದೂ ಈ ವಿದ್ಯೆಯ ಭಾಗ. ಮೊಬೈಲು ಚಿತ್ರದೊಳಗೇ ಜಿಪಿಎಸ್ ಗುರುತು ಬಚ್ಚಿಟ್ಟಿರುತ್ತದೆ. ಹಂಚುವ ಮುನ್ನ ಅದನ್ನು ತೆಗೆಯಿರಿ. ನಿಮ್ಮ ಬಳಿ ಮಾತ್ರ ಅದು ಇರಲಿ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ನೆನಪಿನ ಕೆಲಸ, ಅಲ್ಲಿಯೇ ಹೆಚ್ಚಿನವರು ಸೋಲುವುದು. ಮೊಬೈಲಿಗೆ ತಾರೀಕು ಗೊತ್ತು, ಹೊತ್ತು ಗೊತ್ತು, ಜಾಗವೂ ಗೊತ್ತು. ಹಿಂದಿನ ರಾತ್ರಿ ಮಳೆ ಬಂದಿತ್ತೆಂದು ಗೊತ್ತಿಲ್ಲ, ಹೊಂಗೆಯಡಿ ನಿಂತವರು ಸೋದರತ್ತೆ ಎಂದು ಗೊತ್ತಿಲ್ಲ. ಪ್ರವಾಸದಿಂದ ಬಂದ ವಾರದೊಳಗೆ ಕೂತು, ನೂರಾರು ಚಿತ್ರಗಳಲ್ಲಿ ಹತ್ತು ಹನ್ನೆರಡನ್ನು ಆರಿಸಿ, ಒಂದೊಂದಕ್ಕೂ ಎರಡು ಸಾಲು ಬರೆದಿಡಿ. ‘ಮನೆ ಹಿಂದಿನ ಹೊಂಗೆ, ಯುಗಾದಿಗೆ ನಾಲ್ಕು ದಿನ ಮುಂಚೆ. ರಾತ್ರಿ ಮಳೆ, ಹೂವೆಲ್ಲ ನೆಲದ ಮೇಲೆ’ ಎಂಬಷ್ಟು ಸಾಕು. ಹಕ್ಕಿ, ಚಿಟ್ಟೆ, ಗಿಡಗಳ ಚಿತ್ರಗಳಾದರೆ ಇ-ಬರ್ಡ್, ಐ-ನ್ಯಾಚುರಲಿಸ್ಟ್‌ನಂಥ ಜಾಲಗಳಿಗೆ ಏರಿಸಿದರೆ ಹೆಸರು ಹೇಳುವವರೂ ಸಿಗುತ್ತಾರೆ, ನಿಮ್ಮ ಹಿತ್ತಲಿನ ಸಂಗತಿ ವಿಜ್ಞಾನಿಗಳ ಲೆಕ್ಕಕ್ಕೂ ಸೇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದ್ದು ಕುಗ್ಗಿ ಹೋಗುತ್ತದೆಂಬುದು ನೆನಪಿರಲಿ; ಕಾಪಾಡಬೇಕಾದದ್ದನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಪ್ರತಿಯನ್ನು ಎರಡು ಕಡೆ ಇಡಿ. ವರ್ಷಕ್ಕೆ ಕೆಲವನ್ನಾದರೂ ಕಾಗದದ ಮೇಲೆ ಮುದ್ರಿಸಿ. ಹಾರ್ಡ್‌ಡಿಸ್ಕ್ ಕೆಟ್ಟರೆ ಎಲ್ಲ ಒಟ್ಟಿಗೆ ಹೋಗುತ್ತವೆ, ಪ್ರಿಂಟು ಬಣ್ಣ ಮಾಸಿಯಾದರೂ ಉಳಿದಿರುತ್ತದೆ.

ಹೊಸ ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿರುವವರಿಗೆ ಅದಕ್ಕೂ ಮೊದಲು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನಲ್ಲೋ ಕಪ್ಪು ಹಾಳೆಯ, ನಡುವೆ ಬೆಣ್ಣೆ ಕಾಗದವಿಟ್ಟ ಹಳೆಯ ಆಲ್ಬಮ್ ಇದ್ದೇ ಇರುತ್ತದೆ. ಬರುವ ಭಾನುವಾರ ಅದನ್ನು ಕೆಳಗಿಳಿಸಿ, ಮನೆಯ ಹಿರಿಯರ ಪಕ್ಕ ಕೂತು, ಯಾರು, ಯಾವ ಊರು, ಹಿಂದಿರುವ ಮರ ಯಾವುದು, ಆ ಬಾವಿ ಈಗ ಎಲ್ಲಿದೆ ಎಂದು ಒಂದೊಂದಾಗಿ ಕೇಳಿ. ಹೇಳಿದ್ದನ್ನು ಫೋಟೊದ ಬೆನ್ನ ಮೇಲೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಎದುರಿನ ಮುಖದ ಮೇಲೆ ಮೂಡುತ್ತದೆ.